ವಾಚಿನ ಗೀರು ಪಾಲಿಶ್ ಮಾಡಿಸೋದಾ, ಹಾಗೇ ಬಿಡೋದಾ?

ಈ ಸಲ ವಾಚಿನ ಬಗ್ಗೆ ಬಂದ ಪತ್ರಗಳಲ್ಲಿ ಬಹುಪಾಲು ಒಂದೇ ವಿಷಯದ್ದು: ಗೀರು. ಬೇರೆ ಪ್ರಶ್ನೆಗಳನ್ನು ಮುಂದಿನ ಸಂಚಿಕೆಗೆ ಎತ್ತಿಟ್ಟು ಇವನ್ನೇ ಒಟ್ಟಿಗೆ ತೆಗೆದುಕೊಂಡಿದ್ದೇನೆ. ಮೊದಲ ಪತ್ರದ ಉತ್ತರ ಉದ್ದವಾಗಿದೆ. ಉಳಿದವರೂ ಅದನ್ನು ಓದಿಕೊಂಡೇ ಮುಂದೆ ಹೋಗಿ, ಹೇಳಿದ್ದನ್ನೇ ಮತ್ತೆ ಹೇಳೋದು ನನಗೆ ತಪ್ಪುತ್ತದೆ.

ಪ್ರಶ್ನೆ: ನನಗೆ ಐವತ್ತು ತುಂಬಿದಾಗ ಮಕ್ಕಳಿಬ್ಬರೂ ದುಡ್ಡು ಹಾಕಿ ಒಮೆಗಾ ಸೀಮಾಸ್ಟರ್ ಕೊಡಿಸಿದರು. ಆರು ವರ್ಷದಿಂದ ದಿನಾ ಕಟ್ಟುತ್ತಿದ್ದೇನೆ. ಟೈಮ್ ಸರಿಯಾಗಿ ತೋರಿಸುತ್ತದೆ, ಏನೂ ತೊಂದರೆ ಇಲ್ಲ. ಆದರೆ ಚೈನಿನ ಕೊಂಡಿ (ಬಕಲ್) ತುಂಬಾ ಸಣ್ಣ ಸಣ್ಣ ಗೀರು. ಕೇಸಿನ ಬಲಗಡೆ ಗೇಟಿನ ಚಿಲಕ ತಾಗಿ ಒಂದು ಉದ್ದನೆ ಗೀರು ಬಿದ್ದಿದೆ, ಮುಟ್ಟಿದರೆ ಉಗುರಿಗೆ ಸಿಗುತ್ತದೆ. ಬರುವ ತಿಂಗಳು ಮಗಳ ಮದುವೆ. ನಮ್ಮ ಬಡಾವಣೆಯ ವಾಚ್ ಅಂಗಡಿಯವರು "ಒಂದು ಗಂಟೆ ಬಿಟ್ಟು ಬನ್ನಿ ಸಾರ್, ಶೋರೂಮಿಂದ ಈಗ ತಂದ ಹಾಗೆ ಮಾಡಿ ಕೊಡ್ತೀನಿ" ಅನ್ನುತ್ತಾರೆ. ಮಗ "ಮುಟ್ಟಿಸಬೇಡಿ ಅಪ್ಪ, ಬೆಲೆ ಬಿದ್ದುಹೋಗುತ್ತೆ" ಅಂತಾನೆ. ನನ್ನ ಹೆಂಡತಿ "ಇಷ್ಟು ದುಡ್ಡಿನ ವಾಚು, ಮಂಟಪದಲ್ಲಿ ಹೀಗೇ ಕಟ್ಟಿಕೊಂಡು ನಿಲ್ತೀರಾ" ಅಂತಾಳೆ. ಯಾರ ಮಾತು ಕೇಳಲಿ?
ಓದುಗರು, ಮೈಸೂರು

ಉತ್ತರ: ಮೊದಲು ಮದುವೆ ವಿಷಯ ಮುಗಿಸಿಬಿಡೋಣ. ಧಾರೆಯ ಫೋಟೋದಲ್ಲಿ ಅಪ್ಪನ ಕೈ ಎದ್ದು ಕಾಣುತ್ತದೆ ನಿಜ. ಆದರೆ ನೋಡುವವರ ಕಣ್ಣೆಲ್ಲ ತೆಂಗಿನಕಾಯಿ ಮೇಲೆ, ಅದರ ಮೇಲೆ ಬೀಳುವ ನೀರಿನ ಮೇಲೆ ಇರುತ್ತದೆ. ಚೈನಿನ ಕೊಂಡಿ ಯಾರಿಗೆ ಬೇಕು? ಮದುವೆಗೆ ವಾಚನ್ನು ತೊಳೆದರೆ ಸಾಕು. ತಮಾಷೆಗೆ ಹೇಳುತ್ತಿಲ್ಲ. ದಿನಾ ಕಟ್ಟುವ ಸ್ಟೀಲ್ ವಾಚು ಮಂಕಾಗಿ ಕಾಣೋದಕ್ಕೆ ಗೀರಿಗಿಂತ ಜಾಸ್ತಿ ಕಾರಣ ಬೆವರು, ಸೋಪು, ಪೌಡರು ಸೇರಿ ಚೈನಿನ ಸಂದಿಯಲ್ಲಿ ಕೂತ ಕೊಳೆ. ಕೀ ತಿರುಗಿಸಿ ಬಿಗಿ ಮಾಡುವ ಥರದ್ದಾದರೆ ಪೂರ್ತಿ ಬಿಗಿ ಮಾಡಿ. ಉಗುರುಬೆಚ್ಚಗಿನ ನೀರಿಗೆ ಒಂದು ಹನಿ ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಿ, ಮಕ್ಕಳ ಮೆತ್ತನೆ ಟೂತ್‌ಬ್ರಷ್‌ನಲ್ಲಿ ಸಂದಿಸಂದಿ ಉಜ್ಜಿ, ಒಳ್ಳೆ ನೀರಲ್ಲಿ ತೊಳೆದು, ಹಳೆ ಹತ್ತಿ ಬಟ್ಟೆಯಲ್ಲಿ ಒರೆಸಿ. ಆರು ವರ್ಷದಲ್ಲಿ ಒಮ್ಮೆಯೂ ಸರ್ವಿಸ್ ಆಗಿಲ್ಲ ಅಂದರೆ ನೀರು ತಡೆಯುವ ಒಳಗಿನ ರಬ್ಬರ್ ರಿಂಗುಗಳು ಹಳತಾಗಿರಬಹುದು, ಹಾಗಾಗಿ ವಾಚನ್ನು ನೀರಲ್ಲಿ ಮುಳುಗಿಸಿ ಇಡಬೇಡಿ. ಚೈನು ಬಿಚ್ಚಿಸಿ ಅದನ್ನಷ್ಟೇ ನೆನೆಹಾಕಿದರೆ ಇನ್ನೂ ಒಳ್ಳೆಯದು. ಹೋಗುವ ಕೊಳೆಯ ಬಣ್ಣ ನೋಡಿದರೆ ನಿಮಗೇ ಆಶ್ಚರ್ಯ ಆಗುತ್ತದೆ.

ಈಗ ಒಂದು ಗಂಟೆಯ ಪಾಲಿಶ್ ವಿಷಯ. ಕೊಡಬೇಡಿ.

ಪಾಲಿಶ್ ಮಾಡಿದರೆ ಗೀರು ತುಂಬಿಕೊಳ್ಳುತ್ತದೆ ಅಂತ ಬಹಳ ಜನ ಅಂದುಕೊಂಡಿದ್ದಾರೆ. ಯಾವ ಗೀರೂ ತುಂಬಲ್ಲ. ಗೀರಿನ ತಳ ಎಷ್ಟು ಕೆಳಗಿದೆಯೋ ಅಷ್ಟು ಆಳಕ್ಕೆ ಸುತ್ತಲಿನ ಸ್ಟೀಲನ್ನೆಲ್ಲ ಸವೆಸಿ ತೆಗೆಯುತ್ತಾರೆ, ಆಗ ಗೀರು ಇರೋದಕ್ಕೆ ಜಾಗವೇ ಉಳಿಯಲ್ಲ. ಮಳೆಗಾಲದಲ್ಲಿ ಉಬ್ಬಿ ಸಿಕ್ಕಿಕೊಂಡ ಬಾಗಿಲಿಗೆ ಬಡಗಿ ಉಜ್ಜುಗೊರಡು ಹೊಡೆದ ಹಾಗೆ. ಆ ಹೊತ್ತಿಗೆ ಬಾಗಿಲು ಚೆನ್ನಾಗೇ ಮುಚ್ಚಿಕೊಳ್ಳುತ್ತದೆ, ಹೋದ ಮರ ಮಾತ್ರ ವಾಪಸ್ ಬರಲ್ಲ. ಕೂದಲೆಳೆ ಗೀರುಗಳಿಗೆ ಸವೆಯೋದು ಕಣ್ಣಿಗೆ ಕಾಣದಷ್ಟು ಕಡಿಮೆ, ಅದಕ್ಕೆ ತಲೆ ಕೆಡಿಸಿಕೊಳ್ಳಬೇಕಿಲ್ಲ. ಆದರೆ ನಿಮ್ಮ ಗೇಟಿನ ಗೀರು ಉಗುರಿಗೆ ಸಿಗುತ್ತದೆ ಅಂದಿರಿ. ಅದನ್ನು ಪೂರ್ತಿ ಅಳಿಸಬೇಕಾದರೆ ಆ ಬದಿಯನ್ನೆಲ್ಲ ತಗ್ಗಿಸಬೇಕು, ಬಲಗಡೆ ತಗ್ಗಿಸಿದರೆ ಎಡಗಡೆಗೆ ಹೊಂದಲ್ಲ ಅಂತ ಅದನ್ನೂ ತಗ್ಗಿಸಬೇಕು, ಕೀ ಎರಡೂ ಪಕ್ಕದಲ್ಲಿ ಕಾವಲಿಗೆ ಅಂತ ಉಬ್ಬು ಇದ್ದರೆ ಅದೂ ತೆಳ್ಳಗಾಗುತ್ತದೆ. ಒಂದು ಗೀರಿಗೆ ಇಷ್ಟು ದಂಡ ಕಟ್ಟಬೇಕಾ?

ಹಗಲು ಹೊತ್ತು ಕಿಟಕಿ ಹತ್ತಿರ ನಿಂತು ವಾಚನ್ನು ಓರೆ ಹಿಡಿದು ನೋಡಿ. ಚೈನು ಸೇರುವ ಕಡೆ ನಾಲ್ಕು ಕೊಂಬುಗಳಿವೆಯಲ್ಲ, ಲಗ್ ಅನ್ನುತ್ತಾರೆ. ಒಳ್ಳೆ ವಾಚಿನಲ್ಲಿ ಅದರ ಒಂದು ಮುಖ ಕನ್ನಡಿ ಹೊಳಪು. ಪಕ್ಕದ ಮುಖದಲ್ಲಿ ಒಂದೇ ದಿಕ್ಕಿಗೆ ಓಡುವ ಸಣ್ಣ ಗೆರೆಗಳು, ಅದು ಬೇಕೆಂದೇ ಮಾಡಿದ ಮಂಕು ಹೊಳಪು. ಎರಡೂ ಸೇರುವಲ್ಲಿ ಒಂದು ನೇರವಾದ ಅಂಚು. ವಾಚನ್ನು ಸ್ವಲ್ಪ ತಿರುಗಿಸಿದರೆ ಬೆಳಕು ಆ ಅಂಚು ದಾಟಿ ತಟ್ಟನೆ ಒಂದು ಮುಖದಿಂದ ಇನ್ನೊಂದಕ್ಕೆ ಹಾರುತ್ತದೆ. ಮಕ್ಕಳು ಕೊಟ್ಟ ದುಡ್ಡಿನಲ್ಲಿ ಒಂದು ಪಾಲು ಈ ಅಂಚಿಗೇ ಹೋಗಿದೆ. ಈಗ ಅಂಗಡಿಯ ಬಫಿಂಗ್ ಮಿಷನ್ನು ನೆನಪಿಸಿಕೊಳ್ಳಿ. ಅದು ಬಟ್ಟೆಯ ಚಕ್ರ, ಮೆತ್ತಗಿರುತ್ತದೆ. ಜೋರಾಗಿ ತಿರುಗುವಾಗ ಅಂಚಿನ ಎರಡೂ ಕಡೆ ಬಾಗಿ ಒರೆಸಿಕೊಂಡು ಹೋಗುತ್ತದೆ. ಅಂಚು ಉರುಟಾಗುತ್ತದೆ, ಗೆರೆ ಇದ್ದ ಮುಖ ಕೂಡ ಮಿರಿಮಿರಿ ಹೊಳೆಯೋಕೆ ಶುರುವಾಗುತ್ತದೆ. ಕೌಂಟರಿನ ಲೈಟಿನಲ್ಲಿ ನೋಡಿದಾಗ ವಾಹ್ ಅನ್ನಿಸುತ್ತದೆ, ದುಡ್ಡು ಕೊಟ್ಟು ಬರುತ್ತೀರಿ. ಆದರೆ ಈ ವಾಚು ಹೊಸದಿದ್ದಾಗ ಹಾಗೆ ಇರಲೇ ಇಲ್ಲ.

ಸರಿಯಾಗಿ ಮಾಡುವವರು ಹೇಗೆ ಮಾಡುತ್ತಾರೆ ಗೊತ್ತಾ? ಚೈನು ಬಿಚ್ಚಿ, ಹಿಂಬದಿ ಮುಚ್ಚಳ ತೆಗೆದು, ಒಳಗಿನ ಮಿಷನ್ನನ್ನು ಹೊರತೆಗೆದು ಧೂಳು ತಾಗದ ಹಾಗೆ ಮುಚ್ಚಿಡುತ್ತಾರೆ. ಗಾಜು, ಬೆಜೆಲ್ (ಗಾಜಿನ ಸುತ್ತ ಇರುವ ಉಂಗುರ), ಕೀ ಎಲ್ಲ ಬಿಚ್ಚಿ ಖಾಲಿ ಕೇಸನ್ನಷ್ಟೇ ಕೈಗೆ ತಗೊಳ್ಳುತ್ತಾರೆ. ಹೊಳೆಯುವ ಮುಖ ಪಾಲಿಶ್ ಮಾಡುವಾಗ ಗೆರೆಯ ಮುಖಕ್ಕೆ ಟೇಪು, ಗೆರೆ ಎಳೆಯುವಾಗ ಹೊಳೆಯುವ ಮುಖಕ್ಕೆ ಟೇಪು. ಚಪ್ಪಟೆ ಮುಖಗಳನ್ನು ಗಟ್ಟಿಯಾದ ಸಮತಟ್ಟು ಬಿಲ್ಲೆಯ ಮೇಲೆ ಒತ್ತಿ ಹಿಡಿದು ತೀಡುತ್ತಾರೆ, ಅಂಚು ಉಳಿಯೋದು ಅದರಿಂದಲೇ. ಆಳದ ಗುಳಿ ಇದ್ದರೆ ಲೇಸರ್ ವೆಲ್ಡಿಂಗಿನಲ್ಲಿ ಚೂರೇ ಚೂರು ಸ್ಟೀಲ್ ತುಂಬಿ ಆಮೇಲೆ ಸಮ ಮಾಡುವವರೂ ಇದ್ದಾರೆ. ಕೊನೆಗೆ ಹೊಸ ರಬ್ಬರ್ ರಿಂಗು ಹಾಕಿ, ಜೋಡಿಸಿ, ನೀರು ಒಳಗೆ ಹೋಗುತ್ತದಾ ಅಂತ ಪ್ರೆಷರ್ ಟೆಸ್ಟ್ ಮಾಡುತ್ತಾರೆ. ಇಷ್ಟೂ ಒಂದು ಗಂಟೆಯಲ್ಲಿ ಆಗುವ ಮಾತಾ? ನಿಮ್ಮ ಬಡಾವಣೆಯ ಅಂಗಡಿಯವರು ಕೆಟ್ಟವರು ಅಂತ ನಾನು ಹೇಳುತ್ತಿಲ್ಲ. ಸೆಲ್ ಹಾಕಿಸೋಕೆ, ಸ್ಟ್ರಾಪ್ ಬದಲಿಸೋಕೆ ನಾನೂ ಅಂಥ ಅಂಗಡಿಗೇ ಹೋಗೋದು. ಕೇಸ್ ಪಾಲಿಶ್ ಬೇರೆಯೇ ಕಸುಬು, ಅಷ್ಟೇ.

ಇನ್ನೊಂದು ವಿಷಯ. ಪಾಲಿಶ್ ಆದ ಮೇಲೆ ಗೀರು ಬೀಳೋದು ನಿಲ್ಲುತ್ತದಾ? ಇಲ್ಲ. ಕಲ್ಲು, ಖನಿಜಗಳ ಗಡಸುತನವನ್ನು ಮೋಸ್ ಅನ್ನೋ ಅಳತೆಯಲ್ಲಿ ಹೇಳುತ್ತಾರೆ. ವಜ್ರ 10, ನಿಮ್ಮ ವಾಚಿನ ಸಫೈರ್ ಗಾಜು 9, ಮರಳಿನಲ್ಲಿರುವ ಕ್ವಾರ್ಟ್ಜ್ 7, ವಾಚಿನ ಸ್ಟೀಲು ಅದಕ್ಕಿಂತ ಕಡಿಮೆ. ನಮ್ಮ ರಸ್ತೆ ಧೂಳಿನಲ್ಲಿ ಕ್ವಾರ್ಟ್ಜ್ ಇರುತ್ತದೆ. ಅಡುಗೆಮನೆಯ ಗ್ರಾನೈಟ್ ಕಟ್ಟೆಯಲ್ಲೂ ಇರುತ್ತದೆ. ಅದಕ್ಕೇ ಗಾಜು ಫಳಫಳ ಅಂತಿದ್ದರೂ ಸ್ಟೀಲು ಗೀಚಿಕೊಳ್ಳೋದು. ಧೂಳು ಕೂತ ವಾಚನ್ನು ಒಣ ಬಟ್ಟೆಯಲ್ಲಿ ಒತ್ತಿ ಒರೆಸಿದರೂ ಸಾಕು, ಗೀರು ಬೀಳುತ್ತದೆ. ಅದೂ ಹೊಸ ಕನ್ನಡಿ ಹೊಳಪಿನ ಮೇಲೆ ಬಿದ್ದ ಮೊದಲ ಗೀರು ಹತ್ತು ಪಟ್ಟು ಎದ್ದು ಕಾಣುತ್ತದೆ. ಮೊದಲ ಗೀರಿಗೆ ಹೊಟ್ಟೆ ಉರಿಯುತ್ತದೆ, ಐವತ್ತನೆಯದಕ್ಕೆ ಏನೂ ಅನ್ನಿಸಲ್ಲ. ನೀವು ಆಗಲೇ ಐವತ್ತು ದಾಟಿದ್ದೀರಿ, ಗೀರಿನ ಲೆಕ್ಕದಲ್ಲಿ ಹೇಳಿದೆ. ಮತ್ತೆ ಒಂದರಿಂದ ಯಾಕೆ ಶುರು ಮಾಡುತ್ತೀರಿ?

ನಿಮ್ಮ ಮಗ ಹೇಳೋದು ಅರ್ಧ ಸರಿ. ಈಗಲೂ ತಯಾರಾಗುತ್ತಿರುವ ವಾಚಿಗೆ ಕಂಪನಿಯವರೇ ಒಮ್ಮೆ ಹುಷಾರಾಗಿ ಪಾಲಿಶ್ ಮಾಡಿದರೆ ಬೆಲೆ ಪಾತಾಳಕ್ಕೇನೂ ಹೋಗಲ್ಲ. ಮಗನ ಮಾತು ಹಳೆಯ, ಅಪರೂಪದ ವಾಚಿಗೆ ನೂರಕ್ಕೆ ನೂರು ಅನ್ವಯಿಸುತ್ತದೆ. ಮನೆಯವರ ಬೇಜಾರೂ ನ್ಯಾಯವೇ. ಹಾಗಾಗಿ ನಾನಾಗಿದ್ದರೆ ಹೀಗೆ ಮಾಡುತ್ತಿದ್ದೆ: ಈಗ ಏನೂ ಬೇಡ. ಮದುವೆ ಮುಗಿದ ಮೇಲೆ ಸರ್ವಿಸ್‌ಗೆ ಕೊಡುವಾಗ ಚೈನು ಮತ್ತು ಅದರ ಕೊಂಡಿ ಮಾತ್ರ ಪಾಲಿಶ್ ಮಾಡಿ, ಕೇಸು ಮುಟ್ಟಬೇಡಿ ಅಂತ ಹೇಳುತ್ತಿದ್ದೆ. ದಿನಾ ಮೇಜಿಗೆ, ಲ್ಯಾಪ್‌ಟಾಪಿಗೆ ಉಜ್ಜೋದು ಕೊಂಡಿಯೇ, ಮನೆಯವರ ಕಣ್ಣಿಗೆ ಬೀಳುತ್ತಿರುವ ಗೀರುಗಳಲ್ಲಿ ಮುಕ್ಕಾಲು ಪಾಲು ಅಲ್ಲೇ ಇರುತ್ತವೆ. ಕೊಂಡಿ ತೀರಾ ಸವೆದರೆ ಮುಂದೆ ಹೊಸದು ಹಾಕಿಸಬಹುದು. ಕೇಸು ಬದಲಿಸಿದರೆ ಅದು ಮಕ್ಕಳು ಕೊಡಿಸಿದ ವಾಚು ಅಂತ ಹೇಗೆ ಹೇಳೋದು?

ಮತ್ತೆ, ಬಾಯಲ್ಲಿ ಹೇಳಿ ಬಂದರೆ ಸಾಲದು. ದೊಡ್ಡ ಕಂಪನಿಗಳ ಸರ್ವಿಸ್ ಸೆಂಟರುಗಳಲ್ಲಿ ಪೂರ್ತಿ ಸರ್ವಿಸ್ ಅಂದರೆ ಪಾಲಿಶ್ ಕೂಡ ಸೇರಿಕೊಂಡೇ ಬರೋದು ಸಾಮಾನ್ಯ. ಬೇಡ ಅಂದರೆ ಬಿಡುತ್ತಾರೆ. ಆದರೆ ಕೌಂಟರಿನಲ್ಲಿ ಕೇಳಿಸಿಕೊಂಡವರು ಒಬ್ಬರು, ಕೆಲಸ ಮಾಡುವವರು ಇನ್ನೊಬ್ಬರು. ಎಸ್ಟಿಮೇಟ್ ಚೀಟಿಯಲ್ಲೇ ಬರೆಸಿ, ಕೊಡುವ ಮೊದಲು ನಾಲ್ಕೂ ಕಡೆಯಿಂದ ಮೊಬೈಲಿನಲ್ಲಿ ಫೋಟೋ ತೆಗೆದಿಟ್ಟುಕೊಳ್ಳಿ.

ಪ್ರಶ್ನೆ: ನಮ್ಮ ದೊಡ್ಡಪ್ಪ ಕುವೈತಿನಲ್ಲಿದ್ದಾಗ 1970ರ ದಶಕದಲ್ಲಿ ತಗೊಂಡ ರೋಲೆಕ್ಸ್ ಡೇಟ್‌ಜಸ್ಟ್ ನನ್ನ ಹತ್ತಿರ ಇದೆ. ಮನೆ ಕಟ್ಟುವ ಖರ್ಚಿಗೆ ಮಾರಬೇಕು ಅಂತಿದ್ದೇನೆ. ದಲಾಲಿ ಮಾಡುವವರೊಬ್ಬರು ಮೊದಲು ಪಾಲಿಶ್ ಮಾಡಿಸಿ, ಡಯಲ್ಲಿಗೂ ಹೊಸ ಬಣ್ಣ ಹಾಕಿಸಿ, ರೇಟು ಜಾಸ್ತಿ ಸಿಗುತ್ತದೆ ಅನ್ನುತ್ತಿದ್ದಾರೆ. ಖರ್ಚು ನಾನೇ ಹಾಕಬೇಕಂತೆ.
ಓದುಗರು, ಹುಬ್ಬಳ್ಳಿ

ಉತ್ತರ: ಎರಡೂ ಬೇಡ. ಡಯಲ್ಲಿಗೆ ಬಣ್ಣ ಅಂತೂ ಬೇಡವೇ ಬೇಡ.

ಹಳೆ ವಾಚು ಕೊಳ್ಳುವವರು ಹೊಳಪು ನೋಡಿ ಕೊಳ್ಳಲ್ಲ, ಅಂಚು ನೋಡಿ ಕೊಳ್ಳುತ್ತಾರೆ. ಅವರು ಮೊದಲು ಕಣ್ಣಿಗೆ ಮಸೂರ ಹಿಡಿಯೋದು ಲಗ್‌ಗಳಿಗೆ. ನಾಲ್ಕೂ ಒಂದೇ ದಪ್ಪ ಇವೆಯಾ, ಒಂದು ಸಣಕಲಾಗಿದೆಯಾ ಅಂತ. ನಿಮ್ಮ ಕಾಲದ ಡೇಟ್‌ಜಸ್ಟ್‌ನಲ್ಲಿ ಲಗ್‌ಗೆ ಹೊರಗಿನಿಂದ ಕಾಣುವ ಸಣ್ಣ ತೂತು ಇರುತ್ತದೆ, ಚೈನಿನ ಪಿನ್ನು ಕೂರುವ ಜಾಗ. ತುಂಬಾ ಸಲ ಪಾಲಿಶ್ ತಿಂದ ವಾಚಿನಲ್ಲಿ ಆ ತೂತು ಅಂಚಿಗೆ ತೀರಾ ಹತ್ತಿರ ಬಂದಿರುತ್ತದೆ, ಅದರ ಬಾಯಿಯೂ ಅಗಲಾಗಿರುತ್ತದೆ. ಬೆಜೆಲ್ ಮೇಲೆ ಸುತ್ತಲೂ ಚೂಪಾದ ಪಟ್ಟೆ ಕೆತ್ತಿದ್ದಾದರೆ ಅದು ಸಾಮಾನ್ಯವಾಗಿ ಚಿನ್ನದ್ದು. ಚಿನ್ನ ಸ್ಟೀಲಿಗಿಂತ ಮೆದು, ಬಫ್ ತಾಗಿದರೆ ಆ ಪಟ್ಟೆಗಳ ಚೂಪು ಬೇಗ ಹೋಗುತ್ತದೆ. ಚೈನು ಬಿಚ್ಚಿದರೆ ಲಗ್‌ಗಳ ನಡುವೆ 12ರ ಕಡೆ ಮಾಡೆಲ್ ನಂಬರು, 6ರ ಕಡೆ ಸೀರಿಯಲ್ ನಂಬರು ಕೆತ್ತಿರುತ್ತದೆ. ಅದು ಮಸುಕಾಗಿದ್ದರೆ ಕೊಳ್ಳುವವರಿಗೆ ಇನ್ನೊಂದು ಅನುಮಾನ.

2017ರ ಅಕ್ಟೋಬರಿನಲ್ಲಿ ನ್ಯೂಯಾರ್ಕಿನ ಫಿಲಿಪ್ಸ್ ಹರಾಜಿನಲ್ಲಿ ನಟ ಪಾಲ್ ನ್ಯೂಮನ್ ಕಟ್ಟುತ್ತಿದ್ದ ರೋಲೆಕ್ಸ್ ಡೇಟೋನಾ 1 ಕೋಟಿ 77 ಲಕ್ಷ ಡಾಲರಿಗೂ ಜಾಸ್ತಿಗೆ ಹೋಯಿತು. ಅದರ ಹಿಂಬದಿ ಮುಚ್ಚಳದಲ್ಲಿ ಅವರ ಹೆಂಡತಿ ಜೋಆನ್ ವುಡ್‌ವರ್ಡ್ 'ಹುಷಾರಾಗಿ ಗಾಡಿ ಓಡಿಸು, ಇಂತಿ ನಾನು' ಅನ್ನೋ ಅರ್ಥದ ಮಾತು ಕೆತ್ತಿಸಿದ್ದರು, ಯಾಕೆಂದರೆ ಆತ ಕಾರ್ ರೇಸಿನವರು. ಯಾರೋ ಪುಣ್ಯಾತ್ಮರು 'ಹೊಸದರ ಹಾಗೆ ಮಾಡಿ ಕೊಡ್ತೀನಿ' ಅಂತ ಆ ಮುಚ್ಚಳದ ಮೇಲೆ ಬಫ್ ಓಡಿಸಿದ್ದರೆ? ನಿಮ್ಮ ಡೇಟ್‌ಜಸ್ಟ್ ಆ ಸಾಲಿನದ್ದಲ್ಲ, ಅಂಥ ಆಸೆ ಇಟ್ಟುಕೊಳ್ಳಬೇಡಿ, ಡೇಟ್‌ಜಸ್ಟ್ ಎಷ್ಟೋ ತಯಾರಾಗಿವೆ. ಆದರೆ ಕೊಳ್ಳುವವರ ಬುದ್ಧಿ ಓಡೋದು ಅದೇ ದಾರಿಯಲ್ಲಿ. ಗೀರಿದ್ದರೆ 'ಬೇಕಾದರೆ ನಾನೇ ಪಾಲಿಶ್ ಮಾಡಿಸಿಕೊಳ್ಳುತ್ತೇನೆ' ಅನ್ನುತ್ತಾರೆ. ಸವೆದುಹೋಗಿದ್ದರೆ ಅವರೂ ಏನು ಮಾಡೋಕಾಗುತ್ತದೆ?

ಪಾಲಿಶ್ ದುಡ್ಡು ಉಳಿಸಿ ಬೀರು ಹುಡುಕಿ. ಕುವೈತ್ ಅಂಗಡಿಯ ಬಿಲ್ಲು, ಗ್ಯಾರಂಟಿ ಕಾಗದ, ಹಸಿರು ಅಥವಾ ಕೆಂಪು ಡಬ್ಬಿ, ಚೈನು ಚಿಕ್ಕದು ಮಾಡಿಸಿದಾಗ ತೆಗೆದ ಲಿಂಕುಗಳು, ದೊಡ್ಡಪ್ಪ ಅದನ್ನು ಕಟ್ಟಿಕೊಂಡು ನಿಂತ ಒಂದು ಫೋಟೋ. ಇದರಲ್ಲಿ ಯಾವುದು ಸಿಕ್ಕರೂ ಪಾಲಿಶ್‌ಗಿಂತ ಹೆಚ್ಚು ದುಡ್ಡು ತರುತ್ತದೆ. ದಲಾಲರು ತಮ್ಮ ಜೇಬಿನಿಂದ ಖರ್ಚು ಹಾಕೋಕೆ ಯಾಕೆ ಒಪ್ಪುತ್ತಿಲ್ಲ ಅಂತಲೂ ಒಂದು ಮಾತು ಕೇಳಿ ನೋಡಿ.

ಪ್ರಶ್ನೆ: ನಮ್ಮವರು ಇಪ್ಪತ್ತೈದನೇ ವರ್ಷದ ನೆನಪಿಗೆ ಕೊಡಿಸಿದ 18 ಕ್ಯಾರೆಟ್ ಚಿನ್ನದ ಸ್ವಿಸ್ ವಾಚು ಇದೆ. ಹಿಂದೆ ತಾರೀಖು, ನಮ್ಮಿಬ್ಬರ ಹೆಸರು ಕೆತ್ತಿಸಿದ್ದಾರೆ. ಮಂಕಾಗಿದೆ. ಬಳೆ, ಸರ ಎಲ್ಲ ಪಾಲಿಶ್ ಮಾಡಿಸುವ ಹಾಗೆ ನಮ್ಮ ಅಕ್ಕಸಾಲಿಗರ ಹತ್ತಿರವೇ ಮಾಡಿಸಬಹುದಾ? ಅವರು ನಂಬಿಕಸ್ಥರು, ನಮ್ಮತ್ತೆ ಕಾಲದಿಂದ ಅವರೇ.
ಓದುಗರು, ಶಿವಮೊಗ್ಗ

ಉತ್ತರ: ನಂಬಿಕೆ ಪ್ರಶ್ನೆ ಅಲ್ಲ ಅಕ್ಕಾ. ಬಳೆ ಒಳಗೆ ಮಿಷನ್ನು ಇರಲ್ಲ. ಅಕ್ಕಸಾಲಿಗರು ಎಷ್ಟೇ ನಿಪುಣರಾದರೂ ವಾಚಿನ ಮಿಷನ್ನು ಬಿಚ್ಚಿ ತೆಗೆಯೋದು ಅವರ ಕೆಲಸ ಅಲ್ಲ, ಹಾಗಾಗಿ ಇದ್ದ ಹಾಗೇ ಚಕ್ರಕ್ಕೆ ಹಿಡಿಯುತ್ತಾರೆ. ಬಫ್ ತಿರುಗುವಾಗ ಕೇಸು ಬಿಸಿಯಾಗುತ್ತದೆ, ಅದುರುತ್ತದೆ, ಪಾಲಿಶ್ ಮಾಡುವ ಕೆಂಪು ಮಸಾಲೆ ಕೀ ಸಂದಿಯಲ್ಲಿ ಒಳಗೆ ಸೇರುತ್ತದೆ. ಒಳಗಿನ ಎಣ್ಣೆಗೆ ಆ ಪುಡಿ ಸೇರಿದರೆ ಮತ್ತೆ ಪೂರ್ತಿ ಸರ್ವಿಸ್ ಖರ್ಚು.

ಚಿನ್ನಕ್ಕೆ ಇನ್ನೊಂದು ಲೆಕ್ಕ ಇದೆ, ಅದು ನಿಮಗೆ ನಾನು ಹೇಳಬೇಕಿಲ್ಲ: ಸವಕಳಿ. ಪ್ರತಿ ಪಾಲಿಶ್‌ಗೂ ಸ್ವಲ್ಪ ಚಿನ್ನ ಬಟ್ಟೆ ಚಕ್ರಕ್ಕೆ ಹೋಗುತ್ತದೆ. ಜೊತೆಗೆ ಹೆಸರಿನ ಕೆತ್ತನೆ ಆಳ ಇಲ್ಲದಿದ್ದರೆ ಒಂದೆರಡು ಪಾಲಿಶ್‌ಗೆ ಅಳಿಸಿಹೋಗಬಹುದು. ಹೊರಗಡೆ, ಲಗ್ ಹಿಂಭಾಗದಲ್ಲೋ ಮುಚ್ಚಳದ ಮೇಲೋ ಸಣ್ಣ ಮುದ್ರೆಗಳಿವೆಯಾ ಅಂತ ಮಸೂರ ಹಿಡಿದು ನೋಡಿ. 750 ಅಂತಿದ್ದರೆ ಸಾವಿರದಲ್ಲಿ 750 ಭಾಗ ಚಿನ್ನ ಅಂತ, ಅಂದರೆ 18 ಕ್ಯಾರೆಟ್. 1995ರ ನಂತರದ ಸ್ವಿಸ್ ವಾಚಾದರೆ ಸೇಂಟ್ ಬರ್ನಾರ್ಡ್ ನಾಯಿಯ ತಲೆಯ ಚಿಕ್ಕ ಮುದ್ರೆ ಇರುತ್ತದೆ, ಅದು ಅಲ್ಲಿಯ ಹಾಲ್‌ಮಾರ್ಕು. ಅದಕ್ಕೂ ಹಳೆಯದಾದರೆ ಹೆಂಗಸಿನ ತಲೆ. ಈ ಮುದ್ರೆಗಳೂ ಪಾಲಿಶ್‌ನಲ್ಲಿ ಸವೆಯುತ್ತವೆ.

ಇಷ್ಟೆಲ್ಲ ಹೇಳಿದ ಮೇಲೂ ನಿಮಗೆ ನಾನು ಪಾಲಿಶ್ ಮಾಡಿಸಬೇಡಿ ಅನ್ನಲ್ಲ. ನೀವು ಇದನ್ನು ಮಾರುವವರಲ್ಲ, ಅಲ್ವಾ? ನೋಡಿ ಖುಷಿಪಡೋಕೆ ಇಟ್ಟುಕೊಂಡ ವಸ್ತು. ಕಂಪನಿಯ ಸರ್ವಿಸ್ ಸೆಂಟರಿಗೆ ಕೊಟ್ಟು, ಮುಂದಿನ ಭಾಗಕ್ಕೆ ಹಗುರವಾಗಿ ಒಂದು ಕೈ ಪಾಲಿಶ್, ಹಿಂಬದಿ ಮುಚ್ಚಳ ಮುಟ್ಟಬೇಡಿ ಅಂತ ಬರೆಸಿ ಮಾಡಿಸಿಕೊಳ್ಳಿ. ಆಮೇಲೆ ಬಳೆ ಇಲ್ಲದ ಕೈಗೆ ಕಟ್ಟಿ. ನಿಮ್ಮ ವಾಚಿಗೆ ಗೀರು ಬೀಳಿಸಿದ್ದು ನಿಮ್ಮ ಬಳೆಯೇ ಇರಬಹುದು.

ಪ್ರಶ್ನೆ: ಅಪ್ಪ ತುಮಕೂರಿನ ಎಚ್‌ಎಂಟಿ ಕಾರ್ಖಾನೆಯಲ್ಲಿ ಕೆಲಸ ಮಾಡಿದವರು. ಅವರ ಜನತಾ ವಾಚು ಮತ್ತು ಇನ್ನೊಂದು ಗೋಲ್ಡ್ ಪ್ಲೇಟೆಡ್ ಎಚ್‌ಎಂಟಿ ಇವೆ. ನಿಮ್ಮ ಅಂಕಣದ ಲೆಕ್ಕದಲ್ಲಿ ದುಬಾರಿ ವಾಚಲ್ಲ, ನನಗೆ ದುಬಾರಿ. ಗಾಜು ಮಸುಕು, ಕೇಸು ಮಂಕು. ಏನು ಮಾಡಲಿ?
ಓದುಗರು, ತುಮಕೂರು

ಉತ್ತರ: ದುಬಾರಿ ಯಾವುದು ಅನ್ನೋದನ್ನು ನೀವೇ ಹೇಳಿಬಿಟ್ಟಿರಿ, ನಾನು ತಕರಾರು ಮಾಡಲ್ಲ. ಗಾಜಿಗೆ ಧಾರಾಳವಾಗಿ ಪಾಲಿಶ್ ಮಾಡಿ, ಕೇಸಿಗೆ ಬೇಡ.

ಹಳೆ ಎಚ್‌ಎಂಟಿಗಳ ಗಾಜು ನಿಜವಾಗಿ ಗಾಜಲ್ಲ, ಅಕ್ರಿಲಿಕ್ ಪ್ಲಾಸ್ಟಿಕ್ಕು. ಕೀ ಒಳಗೆ ಒತ್ತಿ, ಗಾಜಿನ ಸುತ್ತ ಕೇಸಿಗೆ ಟೇಪು ಅಂಟಿಸಿ, ಬಟಾಣಿ ಕಾಳಿನಷ್ಟು ಬಿಳಿ ಟೂತ್‌ಪೇಸ್ಟ್ ಹಾಕಿ ಮೆತ್ತನೆ ಹತ್ತಿ ಬಟ್ಟೆಯಲ್ಲಿ ಸುತ್ತುಸುತ್ತಾಗಿ ತಾಳ್ಮೆಯಿಂದ ಉಜ್ಜಿ. ಜೆಲ್ ಪೇಸ್ಟ್ ಬೇಡ. ವಾಚಿನ ಗಾಜಿಗೆ ಅಂತಲೇ ಪೇಸ್ಟು ಸಿಗುತ್ತದೆ, ಅದು ಸಿಕ್ಕರೆ ಇನ್ನೂ ನಯವಾಗಿ ಬರುತ್ತದೆ. ಆಮೇಲೆ ಒದ್ದೆ ಬಟ್ಟೆಯಲ್ಲಿ ಒರೆಸಿ, ನಲ್ಲಿ ಕೆಳಗೆ ಹಿಡಿಯಬೇಡಿ. ಸಣ್ಣ ಗೀರೆಲ್ಲ ಹೋಗುತ್ತದೆ. ಬಿರುಕಿದ್ದರೆ ಹೋಗಲ್ಲ, ಹೊಸ ಗಾಜು ಹಾಕಿಸಿ. ಇದು ಬಡವರ ಉಪಾಯ ಅಂದುಕೊಳ್ಳಬೇಡಿ. 1965ರಲ್ಲಿ ನಾಸಾ ಒಪ್ಪಿದ ಒಮೆಗಾ ಸ್ಪೀಡ್‌ಮಾಸ್ಟರ್‌ನ ಗಾಜೂ ಇದೇ ಜಾತಿಯದ್ದು, ಒಡೆದರೂ ಚೂರುಚೂರಾಗಿ ಹಾರಲ್ಲ ಅಂತ. ಈಗಲೂ ಆ ಮಾಡೆಲ್ ಪ್ಲಾಸ್ಟಿಕ್ ಗಾಜಿನಲ್ಲಿ ಸಿಗುತ್ತದೆ, ಲಕ್ಷಗಟ್ಟಲೆ ಕೊಟ್ಟು ತಗೊಂಡವರೂ ಹೀಗೇ ಕೂತು ಉಜ್ಜುತ್ತಾರೆ.

ಕೇಸಿನ ಕಥೆ ಬೇರೆ. ಹಿಂಬದಿ ಮುಚ್ಚಳದಲ್ಲಿ ಬರೆದಿರೋದನ್ನು ಓದಿ. ಮುಚ್ಚಳ ಮಾತ್ರ ಸ್ಟೇನ್‌ಲೆಸ್ ಸ್ಟೀಲ್ ಅಂತಿದ್ದರೆ ಮುಂದಿನ ಭಾಗ ಸಾಮಾನ್ಯವಾಗಿ ಹಿತ್ತಾಳೆ, ಮೇಲೆ ಕ್ರೋಮಿಯಂ ಲೇಪ. ಗೋಲ್ಡ್ ಪ್ಲೇಟೆಡ್ ಅಂದರೂ ಅದೇ, ಮೇಲೊಂದು ತೆಳ್ಳನೆ ಚಿನ್ನದ ಪದರ. ಬಫ್ ಮಾಡಿದರೆ ಗೀರು ಹೋಗುವ ಮೊದಲು ಲೇಪ ಹೋಗುತ್ತದೆ, ಕೆಳಗಿನ ಹಿತ್ತಾಳೆ ಹಳದಿಯಾಗಿ ಇಣುಕುತ್ತದೆ, ಆಮೇಲೆ ಬೆವರಿಗೆ ಹಸಿರು ಕಿಲುಬು ಕಟ್ಟುತ್ತದೆ. ಮತ್ತೆ ಪ್ಲೇಟಿಂಗ್ ಮಾಡಿಸಬಹುದು, ಆದರೆ ಅದು ಅಪ್ಪನ ಕಾರ್ಖಾನೆಯ ಲೇಪ ಆಗಲ್ಲ.

ಎಚ್‌ಎಂಟಿ 1961ರಲ್ಲಿ ಜಪಾನಿನ ಸಿಟಿಜನ್ ಜೊತೆ ಸೇರಿ ಬೆಂಗಳೂರಿನಲ್ಲಿ ವಾಚು ತಯಾರಿಸೋಕೆ ಶುರು ಮಾಡಿತು, ವಾಚ್ ಕಂಪನಿಯನ್ನು ಮುಚ್ಚೋದಕ್ಕೆ ಕೇಂದ್ರ ಸರ್ಕಾರ ಒಪ್ಪಿದ್ದು 2016ರಲ್ಲಿ. ಅಲ್ಲಿಂದೀಚೆಗೆ ಹಳೆ ವಾಚಿಗೆ ಬಣ್ಣಬಣ್ಣದ ಹೊಸ ಡಯಲ್ ಹಾಕಿ, ಕೇಸು ಮಿಂಚಿಸಿ ಮಾರುವವರು ಹೆಚ್ಚಿದ್ದಾರೆ. ಸಂಗ್ರಹ ಮಾಡುವವರು ಅವನ್ನು 'ಮುಂಬೈ ಸ್ಪೆಷಲ್' ಅಂತ ನಗುತ್ತಾರೆ. ಅಪ್ಪನ ಜನತಾ ಮಂಕಾಗಿದ್ದರೂ ಅದರ ಡಯಲ್ಲು, ಮುಳ್ಳು, ಕೇಸು ಎಲ್ಲ ಒಟ್ಟಿಗೆ ಹುಟ್ಟಿದವು. ಹಾಗೇ ಇರಲಿ.

ಪ್ರಶ್ನೆ: ಅಣ್ಣ ದುಬೈನಿಂದ ತಂದುಕೊಟ್ಟ ರಾಡೋ ಡಯಾಸ್ಟಾರ್. ಗೀರೇ ಬೀಳಲ್ಲ ಅಂತ ಹೇಳಿದ್ದ. ಈಗ ಚೈನು ಪೂರ್ತಿ ಗೀರು, ಬಚ್ಚಲಲ್ಲಿ ಬಿದ್ದು ಮೇಲಿನ ಅಂಚಿನಲ್ಲಿ ಒಂದು ಚೂರು ಹಾರಿದೆ. ಪಾಲಿಶ್ ಮಾಡಿದರೆ ಸರಿ ಹೋಗುತ್ತದಾ?
ಓದುಗರು, ಉಡುಪಿ

ಉತ್ತರ: ಅಣ್ಣ ಸುಳ್ಳು ಹೇಳಿಲ್ಲ. 1962ರಲ್ಲಿ ಬಂದ ಡಯಾಸ್ಟಾರ್‌ನ ಮೇಲಿನ ಕವಚ ಟಂಗ್‌ಸ್ಟನ್ ಕಾರ್ಬೈಡ್ ಸೇರಿದ ಗಡಸು ಲೋಹ, ಗಾಜು ಸಫೈರ್. ಮಾಮೂಲಿ ಧೂಳು, ಕಲ್ಲು ಅದನ್ನು ಗೀಚಲ್ಲ. ಆದರೆ ಚೈನು ಸ್ಟೀಲೇ, ಅದು ಎಲ್ಲರ ಚೈನಿನ ಹಾಗೆ ಗೀಚಿಕೊಳ್ಳುತ್ತದೆ. ಚೈನಿಗೆ ಪಾಲಿಶ್ ಮಾಡಿಸಬಹುದು, ಮಧ್ಯದ ಚಿನ್ನದ ಬಣ್ಣದ ಲಿಂಕುಗಳಿದ್ದರೆ ಅವನ್ನು ಬಿಟ್ಟು. ಚೂರು ಹಾರಿದ ಕವಚಕ್ಕೆ ಪಾಲಿಶ್ ಇಲ್ಲ. ಗೀರು ಬೀಳದಷ್ಟು ಗಟ್ಟಿ ಇರೋದಕ್ಕೆ ಪೆಟ್ಟು ತಡೆಯುವ ಗುಣ ಕಡಿಮೆ, ಸೆರಾಮಿಕ್ ವಾಚುಗಳದ್ದೂ ಇದೇ ಹಣೆಬರಹ. ಬಿಡಿ ಭಾಗ ಸಿಕ್ಕರೆ ಬದಲಿಸಬೇಕು, ಇಲ್ಲದಿದ್ದರೆ ಹಾಗೇ ಕಟ್ಟಬೇಕು.

ಅಂದಹಾಗೆ ಗೀರಿಗೆ, ಪೆಟ್ಟಿಗೆ ಹೆದರಿ ಹುಟ್ಟಿದ ಒಂದು ವಾಚಿನ ಬೇರು ನಮ್ಮ ದೇಶದಲ್ಲೇ ಇದೆ. ಬ್ರಿಟಿಷ್ ಅಧಿಕಾರಿಗಳು ಇಲ್ಲಿ ಪೋಲೋ ಆಡುವಾಗ ವಾಚಿನ ಗಾಜು ಒಡೆದುಕೊಳ್ಳುತ್ತಿದ್ದರು. ಆ ಗೋಳಿನಿಂದ 1931ರಲ್ಲಿ ಜೇಗರ್ ಲಕುಲ್ಟ್ರ್ ಕಂಪನಿಯ ರಿವರ್ಸೋ ಬಂತು, ಆಟದ ಹೊತ್ತಿಗೆ ಗಾಜನ್ನು ಒಳಗೆ ಮಗುಚಿ ಲೋಹದ ಬೆನ್ನು ಹೊರಗೆ ಮಾಡಿಕೊಳ್ಳುವ ವಾಚು. ಆ ಬೆನ್ನಿನ ಮೇಲೆ ಬಿದ್ದ ಗೀರಿಗೂ ಈಗ ಪಾಲಿಶ್ ಕೇಳುವವರಿದ್ದಾರೆ.

ಪ್ರಶ್ನೆ: ಗ್ರ್ಯಾಂಡ್ ಸೀಕೋ ಟೈಟಾನಿಯಂ ವಾಚು, ಇನ್ನೊಂದು ಕಪ್ಪು ಕೋಟಿಂಗಿನ ಡೈವಿಂಗ್ ವಾಚು. ಎರಡಕ್ಕೂ ಗೀರು. ಇಲ್ಲಿ ಸಿಕ್ಕ ಸಿಕ್ಕ ಕಡೆ ಪಾಲಿಶ್ ಬೋರ್ಡು ಕಾಣುತ್ತದೆ.
ಓದುಗರು, ಸಿಂಗಪುರ

ಉತ್ತರ: ಕಪ್ಪು ವಾಚಿಗೆ ಸಾಧ್ಯವೇ ಇಲ್ಲ. ಆ ಕೋಟಿಂಗು ತೀರಾ ತೆಳು, ಪಾಲಿಶ್ ಅಂದರೆ ಕಪ್ಪು ಕೆರೆದುಹಾಕಿದ ಹಾಗೆ. ಬಿಳಿ ಗೀರು ಕಂಡರೆ ಕಾಣಲಿ. ಗ್ರ್ಯಾಂಡ್ ಸೀಕೋದ ಕನ್ನಡಿ ಮುಖಗಳನ್ನು ಜರಾತ್ಸು ಅನ್ನುವ ವಿಧಾನದಲ್ಲಿ, ತಿರುಗುವ ಚಪ್ಪಟೆ ತಟ್ಟೆಗೆ ಕೇಸನ್ನು ಕೈಯಲ್ಲೇ ಒತ್ತಿ ಹಿಡಿದು ಮಾಡುತ್ತಾರೆ. ಅದರಲ್ಲಿ ಕಾಣುವ ಪ್ರತಿಬಿಂಬ ಸೊಟ್ಟಗಾಗಲ್ಲ. ಬೋರ್ಡು ಹಾಕಿಕೊಂಡವರ ಬಟ್ಟೆ ಚಕ್ರದಿಂದ ಅದು ಬರಲ್ಲ. ಮೇಲಾಗಿ ಟೈಟಾನಿಯಂ ಪಾಲಿಶ್ ಸ್ಟೀಲಿಗಿಂತ ಕಷ್ಟ, ಅದರ ನುಣ್ಣನೆ ಪುಡಿಗೆ ಬೆಂಕಿ ಹತ್ತಿಕೊಳ್ಳುವ ಅಪಾಯವೂ ಇದೆ. ಸರ್ವಿಸ್ ಸಮಯ ಬಂದಾಗ ಕಂಪನಿಗೇ ಕೊಡಿ, ಜರಾತ್ಸು ಗೊತ್ತಿರುವವರೇ ಮಾಡುತ್ತಾರಾ ಅಂತ ಕೇಳಿ. ಇಲ್ಲ ಅಂದರೆ ಪಾಲಿಶ್ ಬಿಟ್ಟು ಸರ್ವಿಸ್ ಮಾತ್ರ.

ಪ್ರಶ್ನೆ: ಆನ್‌ಲೈನಲ್ಲಿ ಪಾಲಿಶ್ ಮಾಡುವ ಬಟ್ಟೆ ಸಿಗುತ್ತದೆ, ಮನೆಯಲ್ಲೇ ಮಾಡಿಕೊಳ್ಳಬಹುದಾ?
ಓದುಗರು, ಕಲಬುರಗಿ

ಉತ್ತರ: ಕನ್ನಡಿ ಹೊಳಪಿನ ಸ್ಟೀಲ್ ಅಥವಾ ಗಟ್ಟಿ ಚಿನ್ನದ ಮುಖಕ್ಕೆ, ಹಗುರ ಕೈಯಲ್ಲಿ, ವರ್ಷಕ್ಕೊಮ್ಮೆ ಆದರೆ ಸರಿ. ಗೆರೆ ಇರುವ ಮಂಕು ಮುಖಕ್ಕೆ ತಾಗಿಸಬೇಡಿ, ಅಲ್ಲಿ ಒಂದು ಹೊಳೆಯುವ ಕಲೆ ಏಳುತ್ತದೆ, ಗೀರಿಗಿಂತ ಅದೇ ಜಾಸ್ತಿ ಅಸಹ್ಯ. ಪ್ಲೇಟಿಂಗ್, ಕೋಟಿಂಗ್ ಇರುವ ವಾಚಿನ ಹತ್ತಿರವೂ ತರಬೇಡಿ. ಸುಮ್ನೆ ಟಿವಿ ನೋಡುತ್ತಾ ಕೂತು ಉಜ್ಜೋ ಅಭ್ಯಾಸ ಮಾಡಿಕೊಂಡರೆ ಒಳ್ಳೆ ಅಂಚು ನಿಮ್ಮ ಕೈಯಾರೆ ಹೋಗುತ್ತದೆ. ಮೊದಲು ಹಳೆ ಸ್ಟೀಲ್ ಚೈನಿನ ಒಂದು ಲಿಂಕಿನ ಮೇಲೆ ಉಜ್ಜಿ ನೋಡಿ, ಬಟ್ಟೆಗೆ ಹತ್ತುವ ಕಪ್ಪು ನೋಡಿದ ಮೇಲೂ ಮನಸ್ಸಿದ್ದರೆ ವಾಚಿಗೆ ಕೈ ಹಾಕಿ.